ಐದು ನಕ್ಷತ್ರದ ಮುಯ್ಯಿ

ಕೆಲವು ವರ್ಷಗಳ ಹಿಂದೆ ಒಂದು ಕಥೆ ಬರೆದು, ಯಾರು ಬೇಕಾದರೂ ಬರೆಯಬಹುದಾದ ತಾಣವೊಂದಕ್ಕೆ ಏರಿಸಿದ್ದೆ. ವಾರದೊಳಗೆ ಇಪ್ಪತ್ತಮೂರು ಜನ ಸ್ಟಾರ್ ಒತ್ತಿದರು. ಅವರಲ್ಲಿ ಇಪ್ಪತ್ತೆರಡು ಜನ ಐದಕ್ಕೆ ಐದು. "ಸೂಪರ್ ಸರ್", "ಕಣ್ಣಲ್ಲಿ ನೀರು ಬಂತು", ಸಾಲು ಸಾಲು ಕೈಮುಗಿದ ಎಮೋಜಿ. ಇಪ್ಪತ್ತಮೂರನೆಯವರು ಮಾತ್ರ ಮೂರು ಸ್ಟಾರ್ ಕೊಟ್ಟು ಒಂದೇ ಸಾಲು ಬರೆದಿದ್ದರು: "ಎರಡನೇ ಭಾಗದಲ್ಲಿ ತೀರಿಕೊಂಡ ಅಜ್ಜಿ ನಾಲ್ಕನೇ ಭಾಗದಲ್ಲಿ ಕಾಫಿ ತರ್ತಾರೆ, ಒಮ್ಮೆ ನೋಡಿ."

ನೋಡಿದೆ. ಹೌದು, ತಂದಿದ್ದರು. ಲೋಟ ಬಿಸಿಯಿತ್ತು ಅಂತಲೂ ಬರೆದುಬಿಟ್ಟಿದ್ದೆ.

ಇಪ್ಪತ್ತೆರಡು ಜನ ಓದಿಯೇ ಇರಲಿಲ್ಲ ಎನ್ನಲಾರೆ. ಆದರೆ ಅವರಲ್ಲಿ ಮುಕ್ಕಾಲು ಪಾಲು ಜನರ ಕಥೆಗಳಿಗೆ ನಾನೂ ಹಿಂದಿನ ತಿಂಗಳು ಐದೈದು ಒತ್ತಿ ಬಂದಿದ್ದೆ, ಇದು ಮಾತ್ರ ನಿಜ. ನಮ್ಮ ಕಡೆ ಮದುವೆ ಮನೆಯಲ್ಲಿ ಮುಯ್ಯಿ ಓದಿಸುತ್ತಾರಲ್ಲ, ಹಾಗೆ. ಒಬ್ಬರು ಪುಸ್ತಕ ಹಿಡಿದು ಕೂತು ಯಾರು ಎಷ್ಟು ಕೊಟ್ಟರು ಅಂತ ಬರೆದುಕೊಳ್ಳುತ್ತಾರೆ. ನಾಳೆ ಅವರ ಮನೆಯ ಮದುವೆಗೆ ಅಷ್ಟಾದರೂ ವಾಪಸು ಹೋಗಬೇಕು. ಹುಡುಗ ಹೇಗಿದ್ದಾನೆ, ಹುಡುಗಿ ಹೇಗಿದ್ದಾಳೆ ಅನ್ನುವುದಕ್ಕೂ ಆ ಮೊತ್ತಕ್ಕೂ ಸಂಬಂಧವಿಲ್ಲ.

ಮುಯ್ಯಿ ಎನ್ನುವ ಮಾತಿಗೆ ಹೊಲಗದ್ದೆಯಲ್ಲಿ ಇನ್ನೊಂದು ಅರ್ಥವಿದೆ: ಮುಯ್ಯಾಳು. ಇವತ್ತು ನಿಮ್ಮ ಗದ್ದೆಯ ನಾಟಿಗೆ ನಾನು ಬರುತ್ತೇನೆ, ನಾಳಿದ್ದು ನನ್ನ ಗದ್ದೆಗೆ ನೀವು. ಇದೂ ಕೊಟ್ಟು ತೆಗೆದುಕೊಳ್ಳುವುದೇ. ಆದರೆ ಇಲ್ಲಿ ಬೆನ್ನು ಬಗ್ಗುತ್ತದೆ, ಸಂಜೆಯ ಹೊತ್ತಿಗೆ ಗದ್ದೆಯಲ್ಲಿ ಸಸಿ ನಿಂತಿರುತ್ತದೆ. ಜನರೇ ಬರೆದು ಜನರೇ ತೂಗುವ ತಾಣಗಳಲ್ಲಿ ಈ ಎರಡೂ ಬಗೆಯ ಮುಯ್ಯಿ ನಡೆಯುತ್ತದೆ. ಯಾವುದು ಯಾವುದು ಅಂತ ಗುರುತಿಸುವುದು, ಎರಡನೆಯದನ್ನು ಗಿಟ್ಟಿಸಿಕೊಳ್ಳುವುದು ಹೇಗೆ ಅನ್ನುವುದಷ್ಟೇ ಈ ಲೇಖನ.

ಸ್ಟಾರನ್ನು ಓದುವುದು

ಐದು ಸ್ಟಾರಿನ ಪದ್ಧತಿ ಕೈಕೊಟ್ಟದ್ದು ನಮ್ಮಲ್ಲಿ ಮಾತ್ರವಲ್ಲ. ಯೂಟ್ಯೂಬ್‌ನಲ್ಲಿ ಮೊದಲು ವಿಡಿಯೊಗಳಿಗೆ ಐದು ಸ್ಟಾರ್ ಇತ್ತು. ಹೆಚ್ಚುಕಡಿಮೆ ಎಲ್ಲರೂ ಐದನ್ನೇ ಒತ್ತುತ್ತಾರೆ, ನಡುವಿನ ಎರಡು, ಮೂರು, ನಾಲ್ಕನ್ನು ಮುಟ್ಟುವವರೇ ಕಡಿಮೆ ಅಂತ 2009ರಲ್ಲಿ ಕಂಪನಿಯೇ ಒಪ್ಪಿಕೊಂಡಿತು. ಮರುವರ್ಷ ಸ್ಟಾರ್ ಹೋಗಿ ಹೆಬ್ಬೆರಳು ಬಂತು. ನೆಟ್‌ಫ್ಲಿಕ್ಸ್ ಅದೇ ದಾರಿ ಹಿಡಿದದ್ದು 2017ರಲ್ಲಿ. ಇಷ್ಟವಾದವರು ಐದು ಒತ್ತುತ್ತಾರೆ, ಸಿಟ್ಟು ಬಂದವರು ಒಂದು ಒತ್ತುತ್ತಾರೆ, ಮಿಕ್ಕವರು ಒತ್ತದೆ ಎದ್ದು ಹೋಗುತ್ತಾರೆ. ಹಾಗೆ ಎದ್ದು ಹೋದವರ ಅಭಿಪ್ರಾಯ ಸರಾಸರಿಯ ಲೆಕ್ಕಕ್ಕೆ ಬರುವುದೇ ಇಲ್ಲ.

ಇನ್ನೊಂದು ತೊಡಕು ಮೊದಲ ಓಟಿನದು. ಲೆವ್ ಮುಚ್ನಿಕ್, ಸಿನಾನ್ ಅರಾಲ್, ಶಾನ್ ಟೇಲರ್ ಎಂಬ ಮೂವರು ಸಂಶೋಧಕರು ಸುದ್ದಿ ಹಂಚಿಕೊಳ್ಳುವ ತಾಣವೊಂದರಲ್ಲಿ ಐದು ತಿಂಗಳು ಒಂದು ಪ್ರಯೋಗ ಮಾಡಿ, 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಒಂದು ಲಕ್ಷಕ್ಕೂ ಹೆಚ್ಚು ಪ್ರತಿಕ್ರಿಯೆಗಳಲ್ಲಿ ಕೆಲವಕ್ಕೆ ಹುಟ್ಟುತ್ತಲೇ ಒಂದು ಮೆಚ್ಚುಗೆಯ ಓಟು, ಕೆಲವಕ್ಕೆ ಒಂದು ವಿರೋಧದ ಓಟು ಬೀಳುವಂತೆ ಮಾಡಿದರು. ಯಾವುದಕ್ಕೆ ಯಾವುದು ಅನ್ನುವುದು ಬರೀ ಚೀಟಿ ಎತ್ತಿದ ಹಾಗೆ. ಬರಹದ ಗುಣಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಮೊದಲೇ ಮೆಚ್ಚುಗೆ ಬಿದ್ದದ್ದನ್ನು ಮುಂದಿನ ಓದುಗ ಮೆಚ್ಚುವ ಸಾಧ್ಯತೆ ಶೇ 32ರಷ್ಟು ಏರಿತು, ಕೊನೆಯ ಅಂಕ ಸರಾಸರಿ ಶೇ 25ರಷ್ಟು ಮೇಲೆ ಹೋಯಿತು. ಸುಳ್ಳು ವಿರೋಧವನ್ನು ಮಾತ್ರ ಜನ ಸೇರಿ ಸರಿಪಡಿಸಿದರು. ಸುಳ್ಳು ಹೊಗಳಿಕೆಯನ್ನು ಯಾರೂ ಸರಿಪಡಿಸಲಿಲ್ಲ. ಗೆಳೆಯನ ಕಥೆ ಏರಿದ ಐದನೇ ನಿಮಿಷಕ್ಕೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಲಿಂಕ್ ಹಾಕಿ "ಎಲ್ಲರೂ ಐದು ಒತ್ತಿ" ಎನ್ನುವವರಿಗೆ ಈ ಪ್ರಯೋಗ ಗೊತ್ತಿಲ್ಲದಿದ್ದರೂ ಅದರ ಫಲ ಚೆನ್ನಾಗಿ ಗೊತ್ತು.

ಓದುಗರಾಗಿ ಇದಕ್ಕೆ ಮಾಡಬಹುದಾದದ್ದು ಸುಲಭ. ಮೊದಲು ಓದಿ, ಆಮೇಲೆ ಅಂಕ ನೋಡಿ. ಪಟ್ಟಿಯಲ್ಲಿ ಯಾವುದನ್ನು ಓದಲಿ ಅಂತ ಹುಡುಕುವಾಗ ಅಂಕ ನೋಡದೆ ವಿಧಿಯಿಲ್ಲವಲ್ಲ, ಆಗ ಒಂದು ಚಿಕ್ಕ ಲೆಕ್ಕ ಸಹಾಯಕ್ಕೆ ಬರುತ್ತದೆ. ಒಂದು ಕಥೆಗೆ ನಾಲ್ಕೇ ಜನ ಅಂಕ ಕೊಟ್ಟಿದ್ದಾರೆ, ನಾಲ್ಕೂ ಐದು, ಸರಾಸರಿ 5. ಇನ್ನೊಂದಕ್ಕೆ ನಾನೂರು ಜನ, ಸರಾಸರಿ 4.4. ಪಟ್ಟಿಯಲ್ಲಿ ಮೊದಲನೆಯದು ಮೇಲಿರುತ್ತದೆ. ಈಗ ಎರಡಕ್ಕೂ ಹತ್ತು ಜನ ಅಪರಿಚಿತರು ಬಂದು ಮೂರೂವರೆ ಕೊಟ್ಟರು ಅಂತ ಊಹಿಸಿಕೊಳ್ಳಿ. ಮೊದಲನೆಯದು 3.93ಕ್ಕೆ ಇಳಿಯುತ್ತದೆ, ಎರಡನೆಯದು 4.38ರಲ್ಲೇ ನಿಲ್ಲುತ್ತದೆ. ಸಿನಿಮಾ ತಾಣ ಐಎಂಡಿಬಿ ತನ್ನ ಶ್ರೇಷ್ಠ ಚಿತ್ರಗಳ ಪಟ್ಟಿಗೆ ಬಳಸುವ ಸೂತ್ರದ ತಿರುಳೂ ಇದೇ. ಹತ್ತು ಜನ ಹೊರಗಿನವರು ಬಂದರೂ ಅಲುಗಾಡದ ಅಂಕವನ್ನು ನಂಬಬಹುದು.

ಸ್ಟಾರ್ ಬೇಡ ಎಂದ ವಿಶ್ವಕೋಶ

ಈ ವಿಷಯದಲ್ಲಿ ನಾನು ಹೆಚ್ಚು ಕಲಿತದ್ದು ಕಥೆಯ ತಾಣಗಳಿಂದಲ್ಲ, ವಿಕಿಪೀಡಿಯದಿಂದ. ಅಲ್ಲೂ ಒಂದು ಕಾಲಕ್ಕೆ ಸ್ಟಾರ್ ಇತ್ತು. 2010ರಲ್ಲಿ ಇಂಗ್ಲಿಷ್ ವಿಕಿಪೀಡಿಯದ ಲೇಖನಗಳ ಕೆಳಗೆ ಓದುಗರು ಅಂಕ ಕೊಡುವ ಪೆಟ್ಟಿಗೆಯೊಂದನ್ನು ಇಟ್ಟು ನೋಡಿದರು. ನಂಬಲರ್ಹವೇ, ನಿಷ್ಪಕ್ಷಪಾತವೇ, ಪೂರ್ಣವೇ, ಬರವಣಿಗೆ ಚೆನ್ನಾಗಿದೆಯೇ ಎಂಬ ನಾಲ್ಕು ಪ್ರಶ್ನೆ, ಒಂದೊಂದಕ್ಕೂ ಐದು ಸ್ಟಾರ್. ಆಮೇಲೆ ಸ್ಟಾರ್ ತೆಗೆದು ಅಭಿಪ್ರಾಯ ಬರೆಯುವ ಜಾಗ ಕೊಟ್ಟರು. ಬಂದ ಅಭಿಪ್ರಾಯಗಳಲ್ಲಿ ಕೆಲಸಕ್ಕೆ ಬರುವಂಥವು ಕಡಿಮೆ, ಅವನ್ನು ಸೋಸುವ ಹೊರೆ ಮಾತ್ರ ಬರೆಯುವವರ ತಲೆಗೇ ಬಿತ್ತು. 2014ರ ಹೊತ್ತಿಗೆ ಆ ಪ್ರಯತ್ನಕ್ಕೆ ತೆರೆ ಎಳೆದರು.

ಅಲ್ಲಿ ಮೊದಲಿನಿಂದ ನಡೆದುಬಂದಿರುವ ಇನ್ನೊಂದು ಪದ್ಧತಿ ಮಾತ್ರ ಉಳಿಯಿತು. ಅದರಲ್ಲಿ ಲೇಖನಕ್ಕೆ ದರ್ಜೆ ಉಂಟು. ಮೇಲಿನ ದರ್ಜೆ ಕೊಡುವವರು ಓದಿ, ಕಾರಣ ಬರೆದು, ಹೆಸರು ಹಾಕಬೇಕು. ತಳದಲ್ಲಿರುವುದು ನಾಲ್ಕು ಸಾಲಿನ ಲೇಖನ. ಕನ್ನಡ ವಿಕಿಪೀಡಿಯದಲ್ಲಿ ಇದಕ್ಕೆ 'ಚುಟುಕು' ಎನ್ನುತ್ತಾರೆ, ಒಳ್ಳೆಯ ಹೆಸರು. ಅದರ ಮೇಲೆ ಆರಂಭದ ದರ್ಜೆ, ಸಿ, ಬಿ. ಇಲ್ಲಿಯವರೆಗಿನದನ್ನು ಯಾವ ಸಂಪಾದಕನಾದರೂ ಹಾಕಬಹುದು. ಅದರಿಂದಾಚೆ 'ಉತ್ತಮ ಲೇಖನ' ಅಂತ ಹಸಿರು ಗುರುತು ಬೇಕಾದರೆ, ಆ ಲೇಖನದಲ್ಲಿ ಹೇಳಿಕೊಳ್ಳುವಷ್ಟು ಕೈಯಾಡಿಸದ ಇನ್ನೊಬ್ಬರು ಕೂತು ಓದಬೇಕು. ತನ್ನದಕ್ಕೆ ತಾನೇ ಹಾಕಿಕೊಳ್ಳುವ ಹಾಗಿಲ್ಲ. ಎಲ್ಲಕ್ಕಿಂತ ಮೇಲೆ ಕಂಚಿನ ಬಣ್ಣದ ನಕ್ಷತ್ರ. ಇದಕ್ಕೆ ಒಬ್ಬರ ಓದು ಸಾಲದು. ಹಲವರು ವಾರಗಟ್ಟಲೆ ಸಾಲುಸಾಲನ್ನೂ ಜಗ್ಗಾಡಿ ಒಪ್ಪಬೇಕು. ಇಂಗ್ಲಿಷ್‌ನಲ್ಲಿ ಸಾವಿರ ಲೇಖನಕ್ಕೆ ಒಂದರಂತೆ ಮಾತ್ರ ಇದು ಸಿಕ್ಕಿದೆ. ಸಿಕ್ಕಿದ್ದು ಶಾಶ್ವತವೂ ಅಲ್ಲ. ಹತ್ತು ವರ್ಷದಲ್ಲಿ ಲೇಖನ ಹಳಸಿದರೆ ಮರುವಿಚಾರಣೆ ನಡೆಸಿ ನಕ್ಷತ್ರ ಕಿತ್ತುಕೊಳ್ಳುತ್ತಾರೆ. ನಮ್ಮ ಸಾಹಿತ್ಯ ಪ್ರಶಸ್ತಿಗಳಿಗೂ ಇಂಥದೊಂದು ನಿಯಮ ಇದ್ದಿದ್ದರೆ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ, ಇರಲಿ.

ಹೊಯ್ಸಳರು, ರಾಷ್ಟ್ರಕೂಟರು, ಕಲ್ಯಾಣದ ಚಾಲುಕ್ಯರ ಮೇಲಿನ ಇಂಗ್ಲಿಷ್ ಲೇಖನಗಳು 2007ರ ಆಸುಪಾಸಿನಲ್ಲಿ ಈ ಕಂಚಿನ ನಕ್ಷತ್ರ ಗಿಟ್ಟಿಸಿದವು. ಬಿಡುವಿದ್ದಾಗ ಆ ಲೇಖನಗಳಿಗಿಂತ ಅವುಗಳ ಚರ್ಚೆಪುಟ ತೆರೆದು, ಅಂದಿನ ವಾದವಿವಾದ ಓದಿ. ಈ ವಾಕ್ಯಕ್ಕೆ ಆಧಾರವೇನು, ಇಲ್ಲಿ 'ಶ್ರೇಷ್ಠ' ಎಂದವರು ಯಾರು, ಈ ನಕ್ಷೆ ಯಾರದು ಅಂತ ಕೇಳುವ ರೀತಿ ಅಲ್ಲಿ ಸಿಗುತ್ತದೆ. ಅದನ್ನು ನೋಡಿ ಕಲಿಯುವುದಕ್ಕೆ ಕಾಸಿನ ಖರ್ಚಿಲ್ಲ.

'ಉತ್ತಮ' ದರ್ಜೆಯ ಆರು ಕಟ್ಟಳೆಗಳನ್ನು ನಾನು ಮೇಜಿನ ಮುಂದೆ ಅಂಟಿಸಿಕೊಂಡಿದ್ದೇನೆ: ಬರವಣಿಗೆ ತಿಳಿಯಾಗಿರಬೇಕು, ಹೇಳಿದ್ದಕ್ಕೆ ಪರಿಶೀಲಿಸಬಹುದಾದ ಆಧಾರವಿದ್ದು ಸ್ವಂತ ಊಹೆ ಸೇರಿರಬಾರದು, ವಿಷಯದ ಮುಖ್ಯ ಮಗ್ಗುಲುಗಳೆಲ್ಲ ಬಂದಿರಬೇಕು, ಒಂದು ಪಕ್ಷಕ್ಕೆ ವಾಲಿರಬಾರದು, ದಿನಾ ತಿದ್ದಾಟದ ಜಗಳ ನಡೆಯುತ್ತಿರಬಾರದು, ಸಾಧ್ಯವಿದ್ದರೆ ಹಕ್ಕಿನ ತಕರಾರಿಲ್ಲದ ಚಿತ್ರಗಳಿರಬೇಕು. ಊರಿನ ಇತಿಹಾಸ, ದೇವಸ್ಥಾನದ ಸ್ಮರಣ ಸಂಚಿಕೆ, ಪ್ರವಾಸ ಲೇಖನ ಇಂಥವನ್ನು ಬರೆಯುವವರಿಗೆ ಮೊದಲ ನಾಲ್ಕು ಹಾಗೇ ಒಪ್ಪುತ್ತವೆ. ಇನ್ನೊಬ್ಬರ ಲೇಖನ ನಿಮ್ಮ ಕೈಗೆ ಬಂದಾಗಲೂ "ಚೆನ್ನಾಗಿದೆಯಾ?" ಅಂತ ನಿಮ್ಮನ್ನೇ ಕೇಳಿಕೊಳ್ಳುವ ಬದಲು ಈ ನಾಲ್ಕನ್ನು ಒಂದೊಂದಾಗಿ ಕೇಳಿ. ಪುಟದಲ್ಲಿ ಕೈ ಎಲ್ಲಿ ನಿಲ್ಲಬೇಕೋ ಅಲ್ಲೇ ನಿಲ್ಲುತ್ತದೆ. ಒಂದೇ ಸಲಕ್ಕೆ ಪಾಸು ಫೇಲು ಮಾಡದೆ, "ಇಷ್ಟು ಸರಿಪಡಿಸಿ, ನೋಡೋಣ" ಅಂತ ಸುಮಾರು ಒಂದು ವಾರ ತಡೆದಿಡುವ ಪದ್ಧತಿಯೂ ಅಲ್ಲಿದೆ. ಪರೀಕ್ಷಕ ಅರ್ಧ ಮೇಷ್ಟ್ರೂ ಆಗುವುದು ಇಲ್ಲೇ.

ದರ್ಜೆಯ ಗೊಡವೆಯೇ ಇಲ್ಲದ, ಸುಮ್ಮನೆ ಸಲಹೆ ಕೇಳುವ ಪ್ರತ್ಯೇಕ ಜಾಗವೊಂದೂ ಅಲ್ಲುಂಟು. ಅಂಕಕ್ಕೆ ಮೊದಲು ಸಲಹೆ ಎನ್ನುವ ಈ ಕ್ರಮವನ್ನು ಕಥೆ ಕವನದ ನಮ್ಮ ಗುಂಪುಗಳೂ ಹಿಡಿಯಬೇಕು ಅನ್ನುವುದು ನನ್ನ ಹಟ.

ಎಣಿಕೆಗೆ ಕನ್ನಡ ಗೊತ್ತಿಲ್ಲ

2003ರಲ್ಲಿ ಹುಟ್ಟಿದ ಕನ್ನಡ ವಿಕಿಪೀಡಿಯದಲ್ಲಿ ಲೇಖನಗಳು ಹತ್ತಾರು ಸಾವಿರ. ದಿನವೂ ಕೂತು ತಿದ್ದುವವರು ಬೆರಳೆಣಿಕೆ. ಹಾಗಿರುವಾಗ ಗುಣವನ್ನು ಎಣಿಕೆಯಿಂದ ಅಳೆಯುವ ಆಸೆ ಯಾರಿಗಾದರೂ ಹುಟ್ಟುತ್ತದೆ. ಸ್ಪರ್ಧೆ, ಸಂಪಾದನೋತ್ಸವಗಳಲ್ಲಿ "ಇಷ್ಟು ಬೈಟ್ ಇದ್ದರೆ ಲೇಖನ ಲೆಕ್ಕಕ್ಕೆ" ಎನ್ನುವ ನಿಯಮ ಹಾಗೆ ಬರುತ್ತದೆ. ಇದರಲ್ಲಿ ಒಂದು ತಮಾಷೆಯಿದೆ. ಕಂಪ್ಯೂಟರಿನೊಳಗೆ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದಲ್ಲಿ ಪ್ರತಿ ಸಂಕೇತಕ್ಕೂ ಮೂರು ಬೈಟ್, ಒತ್ತಕ್ಷರಕ್ಕೆ ನಡುವೆ ಬರುವ ಹಲಂತವೂ ಸೇರಿ. 'ಕನ್ನಡ' ಎಂಬ ಪದ ಇಂಗ್ಲಿಷ್ ಲಿಪಿಯಲ್ಲಿ ಏಳು ಬೈಟ್, ನಮ್ಮ ಲಿಪಿಯಲ್ಲಿ ಹದಿನೈದು. 'ಸ್ತ್ರೀ' ಅನ್ನುವ ಒಂದೇ ಅಕ್ಷರ ಹದಿನೆಂಟು. ಬೈಟ್ ನೋಡಿ ಬಹುಮಾನ ಕೊಡುವವರ ಮುಂದೆ ಸಂಸ್ಕೃತ ಪದ ತುಂಬಿದವನೇ ಜಾಣ! ನೀವು ಇಂಥ ಸ್ಪರ್ಧೆಯ ತೀರ್ಪುಗಾರರಾದರೆ ಪದ ಎಣಿಸಿ. ಅದಕ್ಕಿಂತ ಮೊದಲು, ಎರಡು ಪರಿಚ್ಛೇದ ಗಟ್ಟಿಯಾಗಿ ಓದಿ.

ಗಟ್ಟಿಯಾಗಿ ಓದಬೇಕು ಅನ್ನುವುದಕ್ಕೆ ಕಾರಣವಿದೆ. 2009–10ರ ಹೊತ್ತಿಗೆ ಗೂಗಲ್ ತನ್ನ ಅನುವಾದ ಸಲಕರಣೆ ಬಳಸಿ, ಕೂಲಿ ಅನುವಾದಕರಿಂದ ಭಾರತದ ಹಲವು ಭಾಷೆಗಳ ವಿಕಿಪೀಡಿಯಕ್ಕೆ ಇಂಗ್ಲಿಷ್ ಲೇಖನಗಳನ್ನು ತುಂಬಿಸಿತು. ಕನ್ನಡವೂ ಆ ಪಟ್ಟಿಯಲ್ಲಿತ್ತು. ಬಂಗಾಳಿಯವರು ಬೇಡವೆಂದರು. ಕನ್ನಡಕ್ಕೆ ಹಾಲಿವುಡ್ ನಟರು, ಪಾಪ್ ಗಾಯಕರು, ಔಷಧಗಳ ಮೇಲೆ ಮಾರುದ್ದದ ಲೇಖನಗಳು ಬಂದವು. ಎಣಿಸಿದರೆ ಒಂದಕ್ಕಿಂತ ಒಂದು ಶ್ರೀಮಂತ: ಉದ್ದ ಇದೆ, ಉಪಶೀರ್ಷಿಕೆ ಇದೆ, ಉಲ್ಲೇಖಗಳು ನೂರಾರು. ಓದಿದರೆ ಕರ್ತೃ ಒಂದು ದಡದಲ್ಲಿ, ಕ್ರಿಯಾಪದ ಇನ್ನೊಂದು ದಡದಲ್ಲಿ. ಕೆರೆಯೊಂದರ ಮೇಲೆ ಬರೆದ, ಚುಟುಕಾದರೂ ಓದಿಸಿಕೊಳ್ಳುವ ಲೇಖನ ಇವುಗಳ ಮುಂದೆ ಬಡವಾಗಿ ಕಾಣುತ್ತಿತ್ತು.

ಈಗ ಯಂತ್ರಗಳೂ ದರ್ಜೆ ಊಹಿಸುತ್ತವೆ. ವಿಕಿಮೀಡಿಯ ಸಂಸ್ಥೆ 2015ರಲ್ಲಿ ತಂದ 'ಓರ್ಸ್' ಅಂಥದೊಂದಾಗಿತ್ತು. ಇಂಥ ಯಂತ್ರಗಳು ಮುಖ್ಯವಾಗಿ ನೋಡುವುದು ಲೇಖನದ ಮೈಕಟ್ಟು: ಉದ್ದ, ಉಲ್ಲೇಖ, ಶೀರ್ಷಿಕೆ, ಕೊಂಡಿ. ಸಾವಿರಾರು ಲೇಖನಗಳಲ್ಲಿ ಯಾವುದನ್ನು ಮೊದಲು ನೋಡಬೇಕು ಅಂತ ಸಾಲು ನಿಲ್ಲಿಸುವುದಕ್ಕೆ ಅದು ಸಾಕು. ಆಧಾರ ಅಂತ ಕೊಟ್ಟ ಪುಸ್ತಕದಲ್ಲಿ ಆ ಮಾತು ನಿಜವಾಗಿ ಇದೆಯೋ ಇಲ್ಲವೋ ಅನ್ನುವುದು ಅವುಗಳ ಕಣ್ಣಿಗೆ ಬೀಳುವುದಿಲ್ಲ. ಇದನ್ನು ನೀವೇ ಮಾಡಬಹುದು: ಲೇಖನದ ಮೂರು ಉಲ್ಲೇಖಗಳನ್ನು ಕಣ್ಣುಮುಚ್ಚಿ ಆರಿಸಿ, ತೆರೆದು ನೋಡಿ. ಮೂರರಲ್ಲಿ ಎರಡು ಸತ್ತ ಕೊಂಡಿಯಾಗಿದ್ದರೆ, ಇಲ್ಲವೇ ಬೇರೇನನ್ನೋ ಹೇಳುತ್ತಿದ್ದರೆ, ಉಳಿದದ್ದನ್ನು ಅಷ್ಟೇ ಅನುಮಾನದಿಂದ ಓದಿ. ಪುಟದ 'ಇತಿಹಾಸ'ವನ್ನೂ ಒತ್ತಿ. ಒಬ್ಬರೇ ಒಂದೇ ದಿನ ಸುರಿದದ್ದೋ, ಹತ್ತು ಕೈ ತಿರುಗಿದ್ದೋ ಅಲ್ಲಿ ಗೊತ್ತಾಗುತ್ತದೆ.

ತಪ್ಪು ಕಂಡರೆ? ಚಿಕ್ಕದಾದರೆ ತಿದ್ದಿಬಿಡಿ. ದೊಡ್ಡದಾದರೆ ಚರ್ಚೆಪುಟದಲ್ಲಿ ಬರೆಯಿರಿ. ಎಲ್ಲಿ ಕೇಳಬೇಕೆಂದೇ ತಿಳಿಯದಿದ್ದರೆ ಕನ್ನಡ ವಿಕಿಪೀಡಿಯದಲ್ಲಿ 'ಅರಳಿ ಕಟ್ಟೆ' ಎನ್ನುವ ಪುಟವಿದೆ. ಹೆಸರೇ ಹೇಳುವಂತೆ, ಯಾರು ಬೇಕಾದರೂ ಬಂದು ಕೂತು ಮಾತಾಡುವ ಜಾಗ.

ಮುಯ್ಯಾಳಿನ ರೀತಿ

ಕಥೆ, ಕವನ, ಪ್ರಬಂಧದ ಕಡೆಗೆ ಬರೋಣ. ಪ್ರತಿಲಿಪಿಯಂಥ ತಾಣಗಳಲ್ಲಿ ಸ್ಟಾರಿನ ಕೆಳಗೇ ವಿಮರ್ಶೆ ಬರೆಯಲು ಜಾಗವಿದೆ. ಆ ಜಾಗವನ್ನು ದುಡಿಸಿಕೊಳ್ಳುವುದು ನಮ್ಮ ಕೈಯಲ್ಲೇ ಇದೆ.

ಅಮೆರಿಕದ ವೈಜ್ಞಾನಿಕ ಕಥೆಗಾರರು ಈ ಮುಯ್ಯಾಳನ್ನು ನಿಯಮವಾಗಿಯೇ ಮಾಡಿಕೊಂಡರು. 1995ರಲ್ಲಿ ಆ್ಯಂಡ್ರ್ಯೂ ಬರ್ಟ್ ಶುರುಮಾಡಿದ 'ಕ್ರಿಟರ್ಸ್' ಎಂಬ ಕೂಟದಲ್ಲಿ, ಇತರರ ಕಥೆಗಳಿಗೆ ಬಿಡದೆ ವಿಮರ್ಶೆ ಬರೆದವರಿಗೆ ಮಾತ್ರ ತಮ್ಮ ಕಥೆ ಮುಂದಿಡುವ ಸರದಿ. ವಾರಕ್ಕೊಂದರಂತೆ, ನಾಲ್ಕು ವಾರಕ್ಕೆ ಮೂರಾದರೂ ಬರೆದಿರಬೇಕು. ಅದಕ್ಕೂ ಹಿಂದೆ, 1956ರಲ್ಲಿ ಡೇಮನ್ ನೈಟ್ ಮತ್ತು ಗೆಳೆಯರು ಪೆನ್ಸಿಲ್ವೇನಿಯದ ಮಿಲ್‌ಫರ್ಡ್ ಊರಿನಲ್ಲಿ ಕೂಡುತ್ತಿದ್ದಾಗ ರೂಢಿಯಾದ ಕ್ರಮ ಇನ್ನೂ ಸರಳ: ಎಲ್ಲರೂ ಸುತ್ತ ಕೂತು ಒಬ್ಬೊಬ್ಬರಾಗಿ ಮಾತಾಡಬೇಕು, ಬರೆದವನು ಎಲ್ಲರೂ ಮುಗಿಸುವ ತನಕ ಬಾಯಿ ತೆರೆಯಬಾರದು. ಪುಸ್ತಕ ಬಿಡುಗಡೆಯಲ್ಲಿ ಲೇಖಕನ ಮಾತೇ ಮುಕ್ಕಾಲು ಗಂಟೆ ಕೇಳಿದ ನಮಗೆ ಇದು ವಿಚಿತ್ರವೆನಿಸಬಹುದು. ಮಾಡಿ ನೋಡಿ. ಸಮರ್ಥನೆಗೆ ಹೊರಟ ನಾಲಗೆಯನ್ನು ಹತ್ತು ನಿಮಿಷ ಕಟ್ಟಿಹಾಕಿದರೆ ಕಿವಿಗೆ ಬೀಳುವುದು ಬೇರೆಯೇ.

ಕೇಳುವಾಗ "ಹೇಗಿದೆ?" ಅಂತ ಮಾತ್ರ ಕೇಳಬೇಡಿ. ಉಂಡು ಕೈ ತೊಳೆಯುತ್ತಿರುವ ನೆಂಟರನ್ನು ಅಡುಗೆ ಹೇಗಿತ್ತು ಅಂತ ಕೇಳಿದಂತೆ; ಬರುವ ಉತ್ತರ ಒಂದೇ. "ಯಾವ ಜಾಗದಲ್ಲಿ ಫೋನು ನೋಡಬೇಕೆನಿಸಿತು?" ಎನ್ನಿ. "ಮಾವ ಯಾಕೆ ಊರು ಬಿಟ್ಟ ಅಂತ ನಿಮಗೆ ಅರ್ಥವಾದದ್ದೇನು?" ಎನ್ನಿ. ಎರಡನೆಯದಕ್ಕೆ ಐದು ಜನ ಐದು ಉತ್ತರ ಕೊಟ್ಟರೆ ಕಥೆಯಲ್ಲಿ ಅದು ಇಲ್ಲ, ನಿಮ್ಮ ತಲೆಯಲ್ಲಿ ಮಾತ್ರ ಇದೆ.

ಕೊಡುವಾಗ ಜಾಗ ತೋರಿಸಿ. "ಪಾತ್ರ ಗಟ್ಟಿಯಿಲ್ಲ" ಎಂದರೆ ಬರೆದವರಿಗೆ ಕಣ್ಣೀರು ಬಂದೀತು, ಉಪಯೋಗವಿಲ್ಲ. "ಸುಜಾತ ಬಸ್ ಇಳಿದ ಮೇಲೆ ಅವಳಿಗೆ ಸಿಟ್ಟೋ ದುಃಖವೋ ತಿಳಿಯದೆ ನಾನು ಒಂದು ಪುಟ ಹಿಂದಕ್ಕೆ ಹೋಗಿ ಓದಿದೆ" ಎಂದರೆ ತಿದ್ದಲು ಜಾಗ ಸಿಕ್ಕಿತು. ಮೆಚ್ಚಿದ್ದಕ್ಕೂ ಇದೇ ನಿಯಮ. ಯಾವ ಸಾಲು ಅಂತ ಹೇಳದ ಹೊಗಳಿಕೆ ಬರೀ ಮುಯ್ಯಿ ಕವರು. ನೀವಾಗಿದ್ದರೆ ಹೇಗೆ ಬರೆಯುತ್ತಿದ್ದಿರಿ ಅನ್ನುವುದನ್ನು ನಿಮ್ಮ ಕಥೆಗೆ ಇಟ್ಟುಕೊಳ್ಳಿ.

ಕನ್ನಡದಲ್ಲಿ ವಿಮರ್ಶೆ ಕೊಡುವವರಿಗೆ ಇನ್ನೊಂದು ಎಚ್ಚರ ಬೇಕು. ಮೈಸೂರಿನವರು "ಹೊಂಟೇನ್ರಿ" ಎಂಬುದನ್ನು ಮುದ್ರಣದೋಷವೆಂದು ಗುರುತು ಹಾಕಿದ್ದನ್ನು ಕಂಡಿದ್ದೇನೆ. ಧಾರವಾಡದವರೊಬ್ಬರು ಕರಾವಳಿಯ "ಮಾರಾಯ"ನನ್ನು ಪಾತ್ರದ ಹೆಸರೆಂದು ತಿಳಿದು, ಇವನು ಯಾವಾಗ ಬಂದ ಅಂತ ಕೇಳಿದ್ದನ್ನೂ. ಗೊತ್ತಿಲ್ಲದ ಮಾತು ಕಂಡರೆ ಮೊದಲು ಯಾವ ಸೀಮೆಯದು ಅಂತ ಕೇಳಿ. ಅದೇ ಹೊತ್ತಿಗೆ, ನಿರೂಪಣೆಯಲ್ಲಿ ಹ-ಅ, ಲ-ಳ ತಪ್ಪಿದ್ದರೆ ಸಂಕೋಚವಿಲ್ಲದೆ ಹೇಳಿ. ಅದನ್ನು ಎಲ್ಲರ ಮುಂದೆ ಬರೆಯದೆ ಖಾಸಗಿ ಸಂದೇಶದಲ್ಲಿ ಕಳಿಸಿದರೆ ಸ್ನೇಹವೂ ಉಳಿಯುತ್ತದೆ.

ಬಂದ ವಿಮರ್ಶೆಗೆ ಅಂದೇ ಉತ್ತರ ಬರೆಯಬೇಡಿ, ಎರಡು ದಿನ ಬಿಡಿ. ಒಬ್ಬರು ಹೇಳಿದ್ದು ಅಭಿರುಚಿ ಇದ್ದೀತು. ಪರಸ್ಪರ ಗೊತ್ತಿಲ್ಲದ ಇಬ್ಬರು ಒಂದೇ ಪುಟದಲ್ಲಿ ಎಡವಿದ್ದರೆ ಅಲ್ಲಿ ಕಲ್ಲಿದೆ. ಅವರು ಹೇಳಿದ ಪರಿಹಾರ ಎರಡೂ ತಪ್ಪಿರಬಹುದು, ಕಲ್ಲು ಮಾತ್ರ ನಿಜ. ಒಂದು ಸ್ಟಾರ್ ಒತ್ತಿ ಏನನ್ನೂ ಬರೆಯದವರ ಜೊತೆ ಜಗಳಕ್ಕೆ ಹೋಗುವುದು ವ್ಯರ್ಥ. ಅವರನ್ನೂ, ಐದು ಒತ್ತಿ ಏನನ್ನೂ ಬರೆಯದವರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ.

ದೊಡ್ಡ ಗುಂಪು ಬೇಕಿಲ್ಲ. ನಾಲ್ಕು ಜನ ಸಾಕು. ಒಬ್ಬರಾದರೂ ನಿಮ್ಮ ಊರಿನವರಲ್ಲದಿರಲಿ, ಒಬ್ಬರಾದರೂ ಬರೆಯದೆ ಬರೀ ಓದುವವರಿರಲಿ. ತಿಂಗಳಿಗೆ ಒಬ್ಬರ ಸರದಿ. ಮಿಕ್ಕ ಮೂವರೂ ತಮ್ಮ ಟಿಪ್ಪಣಿಯನ್ನು ಒಂದೇ ದಿನ ಕಳಿಸಬೇಕು. ಇಲ್ಲದಿದ್ದರೆ ಮೊದಲು ಬಂದ ಟಿಪ್ಪಣಿ ಉಳಿದವರ ಕಣ್ಣು ಕಟ್ಟುತ್ತದೆ, ಆ ಲಕ್ಷ ಪ್ರತಿಕ್ರಿಯೆಗಳ ಪ್ರಯೋಗದಲ್ಲಿ ಆದ ಹಾಗೇ.

ನನ್ನ ಅಜ್ಜಿಯನ್ನು ಹಿಡಿದುಕೊಟ್ಟ ಆ ಮೂರು ಸ್ಟಾರಿನವರನ್ನು ಹುಡುಕಿ ಸಂದೇಶ ಕಳಿಸಿದೆ. ಹೊಸದೊಂದು ಕಥೆ ಬರೆದಿದ್ದೇನೆ, ಏರಿಸುವ ಮೊದಲು ಒಮ್ಮೆ ನೋಡುವಿರಾ ಅಂತ. ಮರುದಿನ ಉತ್ತರ ಬಂತು: "ಕಳಿಸಿ ಸರ್. ನಂದೂ ಒಂದು ಹನ್ನೆರಡು ಪುಟದ್ದಿದೆ. ಶನಿವಾರದೊಳಗೆ ಓದಿ ಕೊಡ್ತೀರಾ?"